ಹಳೆ ಮೆಟಲ್ ಡಿಟೆಕ್ಟರ್ ಮತ್ತೆ ಕೈಗೆ: ಎರೆ (ಕಪ್ಪು), ಮಸಾರಿ (ಕೆಂಪು) ನೆಲದವರಿಗೆ ಕಡಿಮೆ ಖರ್ಚಿನ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಿಂತವನನ್ನು ಕಂಡರೆ ಊರವರ ಬಾಯಿಗೆ ಬರುವ ಮಾತು ಒಂದೇ: ನಿಧಿ. ಅಂಜನ ಹಾಕುವವರು, ಅಮಾವಾಸ್ಯೆ ರಾತ್ರಿ ಗುಡಿಯ ಪೀಠ ಕೀಳುವವರು, ಲಿಂಗ ಕದಲಿಸುವವರು ಈ ಯಂತ್ರಕ್ಕೆ ಕೆಟ್ಟ ಹೆಸರು ತಂದಿಟ್ಟಿದ್ದಾರೆ. ಹಾಗಾಗಿ ಹಿಂದೊಮ್ಮೆ ಈ ಹವ್ಯಾಸ ಹಿಡಿದು, ಕೆಲಸ ಸಂಸಾರದ ನಡುವೆ ಬಿಟ್ಟು, ಈಗ ಮತ್ತೆ ಶುರು ಮಾಡಬೇಕೆನ್ನುವವರು ಒಂದು ಮಾತನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ನಮ್ಮ ನೆಲದಲ್ಲಿ ಇದು ಕಳೆದುಹೋದದ್ದನ್ನು ಹುಡುಕುವ ಹವ್ಯಾಸ. ಹೊಲದಲ್ಲಿ ಬಿದ್ದ ಉಂಗುರ, ಟ್ರ್ಯಾಕ್ಟರಿನ ಪಿನ್ನು, ಮಣ್ಣಲ್ಲಿ ಮುಚ್ಚಿಹೋದ ಪೈಪಿನ ವಾಲ್ವು, ಕಣದಲ್ಲಿ ಸೇರಿಕೊಂಡ ತಂತಿ ಮೊಳೆ, ಅಜ್ಜನ ಕಾಲದ ಐದು ಪೈಸೆ. ಇಷ್ಟಕ್ಕೆ ದುಬಾರಿ ಯಂತ್ರ ಬೇಡ. ಆದರೆ ನೆಲದ ಗುಣ ಗೊತ್ತಿರಬೇಕು. ಅದಕ್ಕೇ ಈ ಬರಹದಲ್ಲಿ ಯಂತ್ರಕ್ಕಿಂತ ಮಣ್ಣಿನ ಮಾತು ಹೆಚ್ಚು.

ಮೊದಲು ಕಾನೂನು, ಆಮೇಲೆ ಬ್ಯಾಟರಿ

ಇದನ್ನು ಕೊನೆಗೆ ಓದೋಣ ಎಂದು ದಾಟಬೇಡಿ. ಮೂರು ಬಗೆಯ ಕಾಯ್ದೆಗಳು ನಿಮಗೆ ನೇರವಾಗಿ ಸಂಬಂಧಿಸಿವೆ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ಕರ್ನಾಟಕದ್ದೇ 1961ರ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಲೋಹದ ವಸ್ತುಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆ ಪುರಾತನ ವಸ್ತು ಎಂದೇ ಎಣಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಐದನೇ ಜಾರ್ಜ್ ಮುಖದ 1920ರ ಕಾಲಾಣೆಯೂ ಈ ಲೆಕ್ಕಕ್ಕೆ ಬರುತ್ತದೆ. ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ನಿಧಿ ಕಾಯ್ದೆ ಅನ್ವಯ. ದೇಶದ ಮಟ್ಟದಲ್ಲಿ 1878ರದ್ದು, ಕರ್ನಾಟಕದಲ್ಲಿ 1962ರದ್ದು. ಸಿಕ್ಕದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮುಚ್ಚಿಡುವಂತಿಲ್ಲ. ಹೊಲ ನಮ್ಮದೇ ಆಗಿದ್ದರೂ ಅಷ್ಟೇ.

ಈಗ ನಮ್ಮ ಸುತ್ತಮುತ್ತಲನ್ನು ನೋಡಿ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ಇವೆಲ್ಲ ಅಶೋಕನ ಶಾಸನದ ಊರುಗಳು. ಸಂಗನಕಲ್ಲು, ತೆಕ್ಕಲಕೋಟೆಯಲ್ಲಿ ನವಶಿಲಾಯುಗದ ನೆಲೆಗಳಿವೆ, ಕುಡತಿನಿಯಲ್ಲಿ ಬೂದಿದಿಬ್ಬವಿದೆ, ಹಿರೇಬೆಣಕಲ್ಲಿನಲ್ಲಿ ಶಿಲಾ ಸಮಾಧಿಗಳಿವೆ. ಮುದಗಲ್, ರಾಯಚೂರು, ಬಳ್ಳಾರಿಯ ಕೋಟೆಗಳು, ಇಟಗಿಯ ಮಹಾದೇವ, ಕುಕನೂರಿನ ನವಲಿಂಗ ಬೇರೆ. ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ ಹಂಪಿಯ ಪರಂಪರೆ ಪ್ರದೇಶ ಹೊಳೆ ದಾಟಿ ಕೊಪ್ಪಳ ಜಿಲ್ಲೆಯ ಆನೆಗೊಂದಿಯವರೆಗೂ ಹಬ್ಬಿದೆ. ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಪ್ರಾಧಿಕಾರವೇ ಇದೆ. ಇಲ್ಲೆಲ್ಲ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲೇಬಾರದು. ಫಲಕವಿಲ್ಲದ ಜಾಗವಾದರೂ ನೆಲದ ತುಂಬ ಮಡಿಕೆಯ ಬೋಕಿ, ಕಬ್ಬಿಣದ ಕಿಟ್ಟ, ಬೂದಿಬಣ್ಣದ ಮಣ್ಣು ಕಂಡರೆ ಅದು ಹಾಳೂರು ದಿಬ್ಬ ಎಂದು ತಿಳಿದು ವಾಪಸು ಬನ್ನಿ. ಪುರಾತತ್ವದವರಿಗೆ ವಸ್ತುವಿಗಿಂತ ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದು ದೊಡ್ಡದು. ನಾವು ಒಂದು ಗುಂಡಿ ತೋಡಿದರೆ ಆ ಸಾಕ್ಷ್ಯ ಹೋಯಿತು.

ಮಸ್ಕಿಯ ಕಥೆ ಇಲ್ಲಿ ನೆನಪಾಗುತ್ತದೆ. 1915ರಲ್ಲಿ ಆ ಶಾಸನವನ್ನು ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯ ಮೇಲಿನ ಹೆಸರಿನಿಂದ. ಕಂಡದ್ದನ್ನು ತಿಳಿದವರಿಗೆ ತಿಳಿಸುವುದು, ಹವ್ಯಾಸಿಗಳಿಗೆ ಬೇಕಾದ ಗುಣ ಅದು.

ಬಂಗಾರದ ಮಾತು ಬಂದದ್ದಕ್ಕೆ ಇನ್ನೊಂದು. ಹಟ್ಟಿ ಗಣಿಯ ಸುತ್ತ ಯಂತ್ರ ಆಡಿಸಿದರೆ ಗಟ್ಟಿ ಸಿಗುತ್ತದೆಂಬ ಆಸೆ ಬೇಡ. ಅಲ್ಲಿಯ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿರುತ್ತದೆ. ಅದನ್ನು ಗಿರಣಿಯಲ್ಲಿ ಅರೆದು ತೆಗೆಯುತ್ತಾರೆ, ನಮ್ಮ ಯಂತ್ರಕ್ಕೆ ಅದು ಕೇಳಿಸುವುದೇ ಇಲ್ಲ.

ಅಟ್ಟದಿಂದ ಇಳಿಸಿದ ಯಂತ್ರಕ್ಕೆ ಜೀವ ಕೊಡುವುದು

ಹೊಸದಕ್ಕೆ ದುಡ್ಡು ಹಾಕುವ ಮೊದಲು ಹಳೆಯದನ್ನು ನೋಡಿ. ವರ್ಷಗಟ್ಟಲೆ ಇಟ್ಟ ಯಂತ್ರ ಕೆಡುವುದು ಬಹುಪಾಲು ಬ್ಯಾಟರಿ ಸೋರಿಕೆಯಿಂದ. ಮುಚ್ಚಳ ತೆಗೆದಾಗ ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಗಾಬರಿಯಾಗಬೇಡಿ. ಒಳಗಿದ್ದದ್ದು ಆಲ್ಕಲೈನ್ ಸೆಲ್ ಆಗಿದ್ದರೆ ಸೋರಿದ್ದು ಕ್ಷಾರ. ಹತ್ತಿ ಸುತ್ತಿದ ಕಡ್ಡಿಯಿಂದ ವಿನಿಗರ್ ಅಥವಾ ನಿಂಬೆರಸ ಮುಟ್ಟಿಸಿ ಒರೆಸಿ. ಅಗ್ಗದ ಸಾದಾ ಸೆಲ್ ಸೋರಿದ್ದು ಆಮ್ಲೀಯ. ಅದಕ್ಕೆ ಅಡಿಗೆ ಸೋಡಾ ಕಲಸಿದ ನೀರು. ಎರಡರಲ್ಲಿ ಯಾವುದಾದರೂ ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ. ತುಕ್ಕು ಉಳಿದರೆ ಸಣ್ಣ ಉಪ್ಪುಕಾಗದ ಸಾಕು.

ಆಮೇಲೆ ಕಾಯಿಲ್, ಅಂದರೆ ಕೋಲಿನ ತುದಿಯಲ್ಲಿರುವ, ನೆಲದ ಮೇಲೆ ಆಡಿಸುವ ತಟ್ಟೆ. ಅದರ ಅಡಿಯಲ್ಲಿ ಬಿರುಕು ಬಿಟ್ಟಿದೆಯೇ, ವೈರು ಒಳಹೋಗುವ ಕಡೆ ಸಿಪ್ಪೆ ಸುಲಿದಿದೆಯೇ ನೋಡಿ. ಯಂತ್ರ ಚಾಲೂ ಮಾಡಿ, ಕಾಯಿಲನ್ನು ಗಾಳಿಯಲ್ಲಿ ಹಿಡಿದು ಬರೀ ವೈರನ್ನು ಅಲುಗಾಡಿಸಿ. ಸದ್ದು ಬಂದರೆ ವೈರಿನೊಳಗೆ ತುಂಡಿದೆ ಅಥವಾ ಪ್ಲಗ್ಗು ಸಡಿಲವಿದೆ. ಇದನ್ನು ಟಿವಿ ರೇಡಿಯೋ ರಿಪೇರಿ ಮಾಡುವವರು ಮಾಡಿಕೊಡುತ್ತಾರೆ. ಕಾಯಿಲ್ ಒಳಗೇ ಹೋಗಿದ್ದರೆ ರಿಪೇರಿಗೆ ಹೋಗಬೇಡಿ. ಒಳಗಿನ ಎರಡು ಸುರುಳಿಗಳ ಜೋಡಣೆ ಕೂದಲೆಳೆ ಸರಿದರೂ ಯಂತ್ರ ಹಳಿ ತಪ್ಪುತ್ತದೆ. ತಿರುಗಿಸುವ ಗುಬ್ಬಿಗಳು ಕರಕರ ಎಂದರೆ ಕಾಂಟ್ಯಾಕ್ಟ್ ಸ್ಪ್ರೇ ಹೊಡೆದು ಆ ಕಡೆ ಈ ಕಡೆ ತಿರುಗಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಸೆಲ್ಲಿನ ಖರ್ಚು ಉಳಿಸಲು ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಅವು 1.5 ವೋಲ್ಟಿನ ಬದಲು 1.2 ವೋಲ್ಟ್ ಕೊಡುವುದರಿಂದ ಪರದೆಯ ಮೇಲೆ ಬ್ಯಾಟರಿ ಪೂರ್ತಿ ಎಂದು ತೋರಿಸದಿರಬಹುದು. ಹೆಚ್ಚಿನ ಯಂತ್ರಗಳು ಅಷ್ಟಕ್ಕೆ ತಕರಾರು ಮಾಡುವುದಿಲ್ಲ.

ಕೊಳ್ಳಲೇಬೇಕಾದರೆ

ಹವ್ಯಾಸದ ಯಂತ್ರಗಳೆಲ್ಲ ಬಹುಪಾಲು ಒಂದೇ ತತ್ವದವು. ಒಂದು ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ, ಅದು ಲೋಹದಲ್ಲಿ ಸುಳಿ ವಿದ್ಯುತ್ ಎಬ್ಬಿಸುತ್ತದೆ, ಇನ್ನೊಂದು ಸುರುಳಿ ಅದರ ಮರುದನಿ ಕೇಳುತ್ತದೆ. ಮರುದನಿ ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಇದು ಬೆಳ್ಳಿಯೋ ಕಬ್ಬಿಣವೋ ಎಂದು ಯಂತ್ರ ಊಹೆ ಮಾಡುತ್ತದೆ. ಹೌದು, ಊಹೆ. ಇಂಥ ಯಂತ್ರಕ್ಕೆ ನಾಣ್ಯದ ಗಾತ್ರದ ವಸ್ತು ಒಂದು ಗೇಣಿನಾಳದಲ್ಲಿ ಸಿಕ್ಕರೆ ಅದೇ ದೊಡ್ಡದು. ದೊಡ್ಡ ತಗಡು, ಪೈಪು ಇನ್ನೂ ಆಳದಲ್ಲಿ ಕೇಳಬಹುದು.

ಹತ್ತು ಸಾವಿರದೊಳಗೆ ಆನ್‌ಲೈನಿನಲ್ಲಿ ಸಿಗುವವು ಹೆಚ್ಚಾಗಿ ಚೀನಾದ ಎಂಡಿ ಸರಣಿಯ ಯಂತ್ರಗಳು. ಕಣದ ಮೊಳೆ, ಪೈಪು ಹುಡುಕಲು ಅಷ್ಟು ಸಾಕು. ಸ್ವಲ್ಪ ಹೆಚ್ಚು ಹಾಕಬಲ್ಲಿರಾದರೆ ಹೊಸ ಅಗ್ಗದ್ದಕ್ಕಿಂತ ಕೈಬದಲಾದ ಒಳ್ಳೆಯದೇ ಮೇಲು. ಗ್ಯಾರೆಟ್ ಏಸ್ 250 ತರಹದ್ದು ಹಳೆಯದಾದರೂ ಗಟ್ಟಿ; 6.5 ಕಿಲೋಹರ್ಟ್ಸಿನಲ್ಲಿ ಕೆಲಸ ಮಾಡುತ್ತದೆ, ನಾಲ್ಕು ಪೆನ್‌ಸೆಲ್ ಸಾಕು. ಆದರೆ ಅದರಲ್ಲಿ ನೆಲಕ್ಕೆ ಹೊಂದಿಸುವ ಗುಬ್ಬಿ ಇಲ್ಲ, ಕಾರ್ಖಾನೆಯಲ್ಲಿ ಇಟ್ಟದ್ದೇ ಕೊನೆ. ನಮ್ಮ ಕೆಂಪು ನೆಲದಲ್ಲಿ ಇದು ದೊಡ್ಡ ಕೊರತೆ. ಟರ್ಕಿಯ ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸಿನದು, ಅದರಲ್ಲಿ ನೆಲಕ್ಕೆ ಹೊಂದಿಸುವ ಸೌಲಭ್ಯ, ಅಂದರೆ ಗ್ರೌಂಡ್ ಬ್ಯಾಲೆನ್ಸ್ ಇದೆ, ನೀರಿಗೂ ಹೆದರುವುದಿಲ್ಲ. ಬೆಲೆ ಮಾತ್ರ ಬೇರೆ ಲೆಕ್ಕ. ನನ್ನ ಅಭಿಪ್ರಾಯ ಕೇಳಿದರೆ, ಈ ಮೂರು ಜಿಲ್ಲೆಗಳಲ್ಲಿ ಒಂದೇ ಒಂದು ಸೌಲಭ್ಯಕ್ಕೆ ಹೆಚ್ಚಿನ ಹಣ ಕೊಡಬಹುದಾದರೆ ಅದು ಗ್ರೌಂಡ್ ಬ್ಯಾಲೆನ್ಸ್. ಬಣ್ಣದ ಪರದೆ, ಬ್ಲೂಟೂತ್ ಎಲ್ಲ ಆಮೇಲೆ.

ಕೈಬದಲಾದದ್ದನ್ನು ಕೊಳ್ಳುವಾಗ ಜೇಬಿನಲ್ಲಿ ಒಂದು ಬೆಳ್ಳಿ ಕಾಲುಂಗುರ, ಒಂದು ಮೊಳೆ, ಒಂದು ಹತ್ತು ರೂಪಾಯಿ ನಾಣ್ಯ ಇಟ್ಟುಕೊಂಡು ಹೋಗಿ. ಮಾರುವವರ ಮುಂದೆಯೇ ಕಾಯಿಲಿನೆದುರು ಒಂದೊಂದಾಗಿ ಆಡಿಸಿ. ಮೂರಕ್ಕೂ ಬೇರೆ ಬೇರೆ ಸದ್ದು ಬರಬೇಕು.

ಒಂದು ಎಚ್ಚರಿಕೆ. "ನೂರು ಮೀಟರ್ ದೂರದ ಬಂಗಾರವನ್ನು ತೋರಿಸುತ್ತದೆ" ಎಂದು ಎರಡು ಆಂಟೆನಾ ಕಡ್ಡಿಗಳ ಯಂತ್ರವನ್ನು ಲಕ್ಷಗಳಿಗೆ ಮಾರುವವರಿದ್ದಾರೆ. ಇಂಥ ಯಂತ್ರಕ್ಕೆ ವಿಜ್ಞಾನದ ಆಧಾರವಿಲ್ಲ. ಇದೇ ತರಹದ ಕಡ್ಡಿಯ ಯಂತ್ರವನ್ನು ಬಾಂಬ್ ಪತ್ತೆ ಸಾಧನ ಎಂದು ಇರಾಕಿಗೆ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತನಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಸರ್ಕಾರವೇ ಮೋಸಹೋದ ಮೇಲೆ ನಮ್ಮ ಊರಿನ ಸಾಹುಕಾರರು ಯಾವ ಲೆಕ್ಕ!

ಜೊತೆಗೆ ಬೇಕಾದದ್ದು

ಕಳೆ ತೆಗೆಯುವ ಕುರ್ಪಿ ಮನೆಯಲ್ಲೇ ಇರುತ್ತದೆ. ಎರೆ ಮಣ್ಣಿಗೆ ಅದು ಬಾಗುತ್ತದೆ ಅನಿಸಿದರೆ ಕುಲುಮೆಯಲ್ಲಿ ಹಳೆ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಒಂದು ಗಟ್ಟಿ ಅಲಗು ಮಾಡಿಸಿಕೊಳ್ಳಿ. ವಿದೇಶಿ ಡಿಗ್ಗರುಗಳಿಗಿಂತ ಅಗ್ಗ, ಅವಕ್ಕಿಂತ ಬಾಳಿಕೆ. ಇಯರ್‌ಫೋನ್ ಹಳೆಯದು ಸಾಕು, ಪ್ಲಗ್ಗಿನ ಅಳತೆ ಕೂಡಬೇಕಷ್ಟೇ. ಪಿನ್‌ಪಾಯಿಂಟರ್ ಎಂಬ ಕೈಯಳತೆಯ ಕಡ್ಡಿ ಇದ್ದರೆ ಅನುಕೂಲ, ಇಲ್ಲದಿದ್ದರೆ ಮಣ್ಣನ್ನು ಹಿಡಿಹಿಡಿಯಾಗಿ ಎತ್ತಿ ಕಾಯಿಲಿನ ಮುಂದೆ ಆಡಿಸಿದರೂ ಆಯಿತು. ಹೀಗೆ ಮಾಡುವಾಗ ಕೈಯ ಉಂಗುರ, ಕಡಗ ತೆಗೆದಿಡಿ. ಇಲ್ಲದಿದ್ದರೆ ಪ್ರತಿ ಹಿಡಿಯಲ್ಲೂ ಬಂಗಾರವೇ! ಒಂದು ಗಟ್ಟಿ ಆಯಸ್ಕಾಂತ, ಕಸಕ್ಕೊಂದು ಚೀಲ, ಒಂದು ನೋಟ್‌ಬುಕ್. ಮೊಣಕಾಲವರೆಗಿನ ಗಮ್‌ಬೂಟು ಮಾತ್ರ ಕಡ್ಡಾಯ. ಹೊಲದ ಬದು, ಕಲ್ಲಿನ ರಾಶಿ ಹಾವು ಚೇಳುಗಳ ಮನೆ.

ಮನೆಯಲ್ಲೇ ನಾಣ್ಯದ ಪಾಠ

ವಿದೇಶಿ ವಿಡಿಯೋಗಳಲ್ಲಿ ಮೊದಲು ಹೇಳುವ ಮಾತು: ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ತಡೆಯುವ ಸೌಲಭ್ಯ) ಏರಿಸಿ ಕಬ್ಬಿಣವನ್ನು ಬಾಯಿ ಮುಚ್ಚಿಸಿ. ನಮ್ಮ ದೇಶದಲ್ಲಿ ಈ ಸಲಹೆ ನಡೆಯುವುದಿಲ್ಲ, ಯಾಕೆಂದರೆ ನಮ್ಮ ನಾಣ್ಯಗಳೇ ಉಕ್ಕು. 1988ರಿಂದ ಹತ್ತು, ಇಪ್ಪತ್ತೈದು, ಐವತ್ತು ಪೈಸೆಗಳು, 1992ರಿಂದ ಒಂದು ರೂಪಾಯಿ ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾದವು. ಎರಡು ರೂಪಾಯಿ ಆಮೇಲೆ ಅದೇ ದಾರಿ ಹಿಡಿಯಿತು. ಇಂಥ ನಾಣ್ಯಕ್ಕೆ ಯಂತ್ರ ಒಮ್ಮೆ ಕಬ್ಬಿಣ ಎನ್ನುತ್ತದೆ, ಒಮ್ಮೆ ಬೆಳ್ಳಿಯ ಹಾಗೆ ಮೇಲಿನ ಸ್ವರ ಹಾಡುತ್ತದೆ. ಕಬ್ಬಿಣವನ್ನು ಮುಚ್ಚಿದರೆ ಇವೂ ಮುಚ್ಚಿಹೋಗುತ್ತವೆ.

ಹಾಗಾಗಿ ಮನೆಯ ಡಬ್ಬಿಯಲ್ಲಿರುವ ಹಳೆ ನಾಣ್ಯಗಳನ್ನೆಲ್ಲ ಹರವಿ. 1991ರವರೆಗಿನ ತಾಮ್ರ ನಿಕಲ್ಲಿನ ರೂಪಾಯಿ, ಅಲ್ಯೂಮಿನಿಯಮ್ಮಿನ ಚೌಕ ಐದು ಪೈಸೆ, ಅಂಚು ಹೂವಿನಂತಿರುವ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ, 2009ರಲ್ಲಿ ಬಂದ ಎರಡು ಲೋಹದ ಹತ್ತು ರೂಪಾಯಿ. ಜೊತೆಗೆ ಬೆಳ್ಳಿ ಕಾಲುಂಗುರ, ಬಂಗಾರದ ಉಂಗುರ, ಮಾತ್ರೆ ಪಟ್ಟಿಯ ತಗಡು, ಬಾಟಲಿ ಮುಚ್ಚಳ, ಎತ್ತಿನ ಲಾಳದ ಮೊಳೆ. ಯಂತ್ರವನ್ನು ಮರದ ಸ್ಟೂಲಿನ ಮೇಲೆ ಮಲಗಿಸಿ, ಒಂದೊಂದನ್ನೂ ಕಾಯಿಲಿನೆದುರು ಆಡಿಸಿ, ಬಂದ ಸದ್ದು ಅಥವಾ ಸಂಖ್ಯೆಯನ್ನು ಬರೆದಿಡಿ. ಸ್ಟೂಲಿನಲ್ಲಿ ಮೊಳೆ ಇರಬಾರದು; ಟೈಲ್ಸ್ ನೆಲದ ಕೆಳಗಿನ ಕಂಬಿಯೂ ಸದ್ದು ಮಾಡುತ್ತದೆ, ಅದಕ್ಕೆ ಅಂಗಳಕ್ಕೆ ಬನ್ನಿ.

ಈ ಪಟ್ಟಿಯಿಂದ ಎರಡು ವಿಷಯ ನಿಮಗೇ ಹೊಳೆಯುತ್ತವೆ. ಬೆಳ್ಳಿ ಸುಲಭ, ಸ್ಪಷ್ಟ. ಬಂಗಾರ ಕಷ್ಟ: ಸಣ್ಣ ಉಂಗುರದ ಸದ್ದೂ ಮಾತ್ರೆ ತಗಡಿನ ಸದ್ದೂ ಹತ್ತಿರ ಹತ್ತಿರ. ಎಳೆ ಸರ ಇನ್ನೂ ಕಷ್ಟ, ಕೊಂಡಿ ಕೊಂಡಿಯೂ ಬೇರೆ ಸಣ್ಣ ವಸ್ತುವಿನಂತೆ ವರ್ತಿಸುತ್ತದೆ. ಮೂಗುಬೊಟ್ಟನ್ನಂತೂ ಅಗ್ಗದ ಯಂತ್ರದಿಂದ ನಿರೀಕ್ಷಿಸಬೇಡಿ. ಬಂಗಾರ ಹುಡುಕುವಾಗ ತಗಡಿನ ಸದ್ದನ್ನೂ ಅಗೆಯಲೇಬೇಕು, ಬೇರೆ ದಾರಿ ಇಲ್ಲ.

ಆಮೇಲೆ ಹಿತ್ತಲಿನಲ್ಲಿ ನಾಲ್ಕೈದು ವಸ್ತುಗಳನ್ನು ಬೇರೆ ಬೇರೆ ಆಳದಲ್ಲಿ, ಒಂದಕ್ಕೊಂದು ಎರಡು ಮೊಳ ದೂರದಲ್ಲಿ ಹೂತು, ಕಡ್ಡಿ ನೆಟ್ಟು ಗುರುತು ಮಾಡಿ. ಹೂಳುವ ಮೊದಲು ಅಲ್ಲಿಯ ನೆಲ ಖಾಲಿ ಇದೆಯೇ ಎಂದು ಯಂತ್ರದಿಂದಲೇ ನೋಡಿಕೊಳ್ಳಿ. ವರ್ಷಗಳ ಬಿಡುವಿನ ನಂತರ ಕಿವಿಗೆ ಮತ್ತೆ ಪಳಗಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ನೆಲ: ಎಲ್ಲ ಇರುವುದು ಇಲ್ಲೇ

ಮಸಾರಿ ಹೊಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಸಂಡೂರಿನ ಸುತ್ತ ಕೇಳುವುದೇ ಬೇಡ. ಆದರೆ ಕೆಂಪಾಗಿರುವುದೆಲ್ಲ ಯಂತ್ರಕ್ಕೆ ತೊಂದರೆ ಕೊಡುವುದಿಲ್ಲ. ಕೆಂಪು ಹೆಮಟೈಟ್ ದುರ್ಬಲ ಕಾಂತೀಯ. ಕಾಡುವುದು ಮ್ಯಾಗ್ನೆಟೈಟ್, ಮ್ಯಾಗ್ಹೆಮೈಟ್‌ಗಳು. ಪರೀಕ್ಷೆ ಸುಲಭ. ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಮಣ್ಣಿನಲ್ಲಿ ಎಳೆದಾಡಿ. ಕಪ್ಪು ಪುಡಿ ಗಡ್ಡದಂತೆ ಅಂಟಿಕೊಂಡರೆ ಆ ನೆಲದಲ್ಲಿ ಸೆನ್ಸಿಟಿವಿಟಿ (ಯಂತ್ರದ ಕಿವಿಯ ಚುರುಕು) ಅರ್ಧಕ್ಕೆ ಇಳಿಸಿಯೇ ಕೆಲಸ ಶುರು ಮಾಡಿ. ಅದಿರು ಲಾರಿ ಓಡಾಡುವ ರಸ್ತೆಗಳ ಬದಿಯ ಹೊಲಗಳಲ್ಲಿ ಉದುರಿದ ಅದಿರಿನ ಚೂರುಗಳೂ ಲೋಹದಂತೆ ಕೂಗಿ ಮೋಸ ಮಾಡುತ್ತವೆ.

ಗ್ರೌಂಡ್ ಬ್ಯಾಲೆನ್ಸ್ ಮಾಡುವ ಕ್ರಮ: ಸದ್ದಿಲ್ಲದ ಜಾಗ ಆರಿಸಿ. ಕಾಯಿಲನ್ನು ನೆಲದಿಂದ ಎರಡು ಬೆರಳು ಎತ್ತರದಿಂದ ಒಂದು ಗೇಣಿನವರೆಗೆ ಮೇಲೆ ಕೆಳಗೆ ಆಡಿಸಿ. ಕೆಳಗೆ ಬಂದಾಗ ಸದ್ದು ಏರಿದರೆ ಗುಬ್ಬಿಯನ್ನು ಒಂದು ಕಡೆ, ಇಳಿದರೆ ಇನ್ನೊಂದು ಕಡೆ ತಿರುಗಿಸುತ್ತ ಸಮನಾಗುವವರೆಗೆ ಹೊಂದಿಸಿ. ಸ್ವಯಂಚಾಲಿತ ಗುಂಡಿ ಇರುವ ಯಂತ್ರದಲ್ಲಿ ಗುಂಡಿ ಒತ್ತಿ ಹಿಡಿದು ಇದೇ ಆಟ. ಮಸಾರಿಯಿಂದ ಎರೆಗೆ ದಾಟಿದಾಗ ಮತ್ತೆ ಮಾಡಬೇಕು. ಈ ಸೌಲಭ್ಯವಿಲ್ಲದ ಯಂತ್ರವಾದರೆ ಕಾಯಿಲನ್ನು ಇನ್ನೆರಡು ಬೆರಳು ಎತ್ತಿ, ಸೆನ್ಸಿಟಿವಿಟಿ ಇಳಿಸಿ. ಆಳ ಕಡಿಮೆಯಾಗುತ್ತದೆ, ಆದರೆ ಸುಳ್ಳು ಸದ್ದಿನಿಂದ ತಲೆ ಕೆಡುವುದು ತಪ್ಪುತ್ತದೆ.

ಎರೆ ಭೂಮಿಯ ಗುಣವೇ ಬೇರೆ. ಬೇಸಿಗೆಯಲ್ಲಿ ಮೊಳದುದ್ದ ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಮೇಲಿನದು ಕೆಳಗೆ ಕೆಳಗಿನದು ಮೇಲೆ ಹೊರಳುತ್ತಲೇ ಇರುತ್ತದೆ. ಇದರಿಂದ ಎರಡು ಪರಿಣಾಮ. ಆಳದಲ್ಲಿ ಸಿಕ್ಕಿದ್ದೆಲ್ಲ ಹಳೆಯದು ಎನ್ನುವ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ. ಹೋದ ವರ್ಷದ ರೂಪಾಯಿ ಮೊಣಕೈ ಆಳದಲ್ಲಿರಬಹುದು, ಅಜ್ಜನ ಕಾಲದ್ದು ಕಾಲಿಗೆ ತಾಗಬಹುದು. ಎರಡನೆಯದು ಹೆಚ್ಚು ಮುಖ್ಯ: ಕಡಲೆ ಕೀಳುವಾಗಲೋ ಜೋಳ ಕೊಯ್ಯುವಾಗಲೋ ಯಾರದಾದರೂ ಉಂಗುರ ಬಿದ್ದಿದ್ದರೆ ಮೊದಲ ದೊಡ್ಡ ಮಳೆಗೆ ಮುಂಚೆ ಹುಡುಕಿ. ಬಿರುಕಿಗೆ ಇಳಿದ ಉಂಗುರದ ಮೇಲೆ ಮಣ್ಣು ಮುಚ್ಚಿಕೊಂಡರೆ ನಮ್ಮ ಯಂತ್ರದ ಕೈಗೆ ಅದು ಎಟುಕದು. ಹುಡುಕುವಾಗ ಬಿರುಕಿನ ಉದ್ದಕ್ಕೇ ಕಾಯಿಲ್ ಆಡಿಸಿ, ಅಡ್ಡಡ್ಡ ಅಲ್ಲ.

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಾಲುವೆ ಸೀಮೆಯ ಭತ್ತದ ಗದ್ದೆಗಳದ್ದು ಮೂರನೇ ತರಹ. ಕೆಸರು ಮಾಡಿದಾಗ ಭಾರದ ವಸ್ತು ಇಳಿಯುತ್ತ ಹೋಗಿ ಕೆಳಗಿನ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ಸವಳು ಹತ್ತಿದ ಗದ್ದೆ ಹಸಿ ಇದ್ದರೆ ಉಪ್ಪುನೀರು ತಾನೇ ವಿದ್ಯುತ್ ಹರಿಸುವುದರಿಂದ ಯಂತ್ರ ಒಂದೇ ಸಮನೆ ಗೊಣಗುತ್ತದೆ. ಅಂಥ ನೆಲಕ್ಕೆ ಕೊಯ್ಲಾಗಿ ಒಣಗಿದ ಮೇಲೇ ಹೋಗಬೇಕು. ಸವಳಿಲ್ಲದ ನೆಲದಲ್ಲಾದರೆ ತುಸು ಹಸಿಯೇ ಒಳ್ಳೆಯದು, ಅಗೆಯುವುದೂ ಹಗುರ.

ಹೈಟೆನ್ಷನ್ ತಂತಿಯ ಕೆಳಗೆ, ಪಂಪ್‌ಸೆಟ್ ಓಡುತ್ತಿರುವ ಬಾವಿಯ ಪಕ್ಕ, ಸೋಲಾರ್ ಬೇಲಿಯ ಹತ್ತಿರ ಯಂತ್ರ ಸುಮ್ಮನಿರುವುದಿಲ್ಲ. ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳ ಕಡೆಯವರಿಗೆ ಇದು ನಿತ್ಯದ ಕಾಟ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಬೀಸುವುದು

ಕಾಯಿಲ್ ನೆಲಕ್ಕೆ ಸಮಾನಾಂತರವಾಗಿರಲಿ. ತುದಿಯಲ್ಲಿ ಕೈ ಮೇಲೆತ್ತುವ ಚಟ ಎಲ್ಲರಿಗೂ ಇರುತ್ತದೆ, ಅದನ್ನು ಬಿಟ್ಟುಬಿಡಿ. ಪ್ರತಿ ಬೀಸೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ನಿಧಾನ, ಆದರೆ ನಿಲ್ಲಿಸಬೇಡಿ, ಬಹಳ ಯಂತ್ರಗಳಿಗೆ ಚಲನೆ ಇದ್ದರೇ ಕಿವಿ. ಸದ್ದು ಬಂದರೆ ಅದರ ಮೇಲೆ ಎಡಬಲ ಆಡಿಸಿ, ಆಮೇಲೆ ತೊಂಬತ್ತು ಡಿಗ್ರಿ ತಿರುಗಿ ಮತ್ತೆ ಆಡಿಸಿ. ಎರಡು ಕಡೆಯಿಂದಲೂ ಒಂದೇ ಸ್ವರವಾದರೆ ಅಗೆಯಿರಿ. ಒಂದು ಕಡೆ ಬಂದು ಇನ್ನೊಂದು ಕಡೆ ಮುರಿದರೆ ಹೆಚ್ಚಾಗಿ ಮೊಳೆ. ಎರಡು ಬೀಸುಗಳು ಕೂಡುವ ಬಿಂದುವೇ ವಸ್ತುವಿನ ಜಾಗ. ಹೊಲವನ್ನು ಕೂರಿಗೆ ಸಾಲಿನ ಗುಂಟ ಪಟ್ಟೆಪಟ್ಟೆಯಾಗಿ ಮುಗಿಸಿ. ಮನಸ್ಸು ಬಂದ ಕಡೆ ಅಲೆದರೆ ಎಲ್ಲಿ ನೋಡಿದೆ, ಎಲ್ಲಿ ಬಿಟ್ಟೆ ಎಂಬುದೇ ತಿಳಿಯುವುದಿಲ್ಲ.

ಎಲ್ಲಿ, ಯಾವಾಗ, ಹೇಗೆ ಕೇಳುವುದು

ಮೊದಲ ಆಯ್ಕೆ ನಿಮ್ಮದೇ ಕಣ, ಹಿತ್ತಲು. ಆಮೇಲೆ ಬೀಗರ, ಪರಿಚಯದವರ ಹೊಲ. ಹಿಂಗಾರಿನ ಜೋಳ, ಕಡಲೆ ಕೊಯ್ಲಾದ ಮೇಲೆ ಬಿಸಿಲು ಏರುವ ಮುಂಚಿನ ವಾರಗಳು ನಮ್ಮ ಕಡೆ ಅತ್ಯುತ್ತಮ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವಾಗ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಬಿಸಿಲಿಗೆ ಅಗ್ಗದ ಯಂತ್ರದ ಪರದೆಯೂ ಕಪ್ಪಾಗುತ್ತದೆ, ನಮ್ಮ ಕಣ್ಣೂ ಕಪ್ಪಾಗುತ್ತದೆ. ರಾತ್ರಿ ಹೋಗಲೇಬೇಡಿ, ಟಾರ್ಚಿನ ಬೆಳಕಿನಲ್ಲಿ ಗುಂಡಿ ತೋಡುವವನನ್ನು ಯಾವ ಊರೂ ನಂಬುವುದಿಲ್ಲ.

ಬೇರೆಯವರ ಹೊಲಕ್ಕೆ ಹೋಗುವಾಗ "ಸುಮ್ನೆ ಹವ್ಯಾಸಕ್ಕ" ಎಂದರೆ ಯಾರೂ ಒಪ್ಪುವುದಿಲ್ಲ. ಅವರಿಗೆ ಉಪಯೋಗವಾಗುವ ಮಾತು ಆಡಿ. "ಗೌಡ್ರೆ, ನಿಮ್ಮ ಕಣದಾಗಿನ ಮೊಳಿ, ತಂತಿ ತೆಗೆದು ಕೊಡ್ತೀನ್ರಿ. ಸಿಕ್ಕಿದ್ದೆಲ್ಲ ನಿಮ್ಮ ಮುಂದನ ಇಡ್ತೀನಿ." ಮುಂದಿನ ಪ್ರಶ್ನೆ ಏನೆಂದು ನಿಮಗೂ ಗೊತ್ತು: "ಬಂಗಾರ ಸಿಕ್ಕರ?" ಉತ್ತರ ತಯಾರಿರಲಿ: "ಸಿಕ್ಕರ ಇಬ್ರೂ ಕೂಡೇ ತಹಶೀಲ್ದಾರ್ ಕಚೇರಿಗೆ ಹೋಗೂಣ್ರಿ." ಇಷ್ಟು ಕೇಳಿದ ಮೇಲೂ ಒಪ್ಪಿದವರ ಹೊಲಕ್ಕೇ ಹೋಗಿ, ಒಂದು ಚೀಟಿಯಲ್ಲಿ ಒಪ್ಪಿಗೆ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ.

ಕಣ ಶುಚಿ ಮಾಡುವ ಮಾತು ಬರೀ ನೆಪವಲ್ಲ. ಹೊಟ್ಟು ಮೇವಿನ ಜೊತೆ ತಂತಿ ತುಂಡು ನುಂಗಿದ ದನಕ್ಕೆ ಅದು ಹೊಟ್ಟೆಯ ಗೋಡೆ ಚುಚ್ಚಿ ಹೃದಯದ ಪೊರೆಯವರೆಗೂ ಹೋಗುವುದುಂಟು. ಪಶುವೈದ್ಯರನ್ನು ಕೇಳಿದರೆ ಹೇಳುತ್ತಾರೆ. ಟ್ರ್ಯಾಕ್ಟರ್ ಟೈರು, ರೋಟವೇಟರ್ ಬ್ಲೇಡು ಉಳಿಯುವುದು ಬೇರೆ ಲಾಭ. ಒಂದು ಕಣ ಚೆನ್ನಾಗಿ ಮಾಡಿಕೊಟ್ಟರೆ ಪಕ್ಕದ ಹೊಲದವರು ತಾವಾಗಿಯೇ ಕರೆಯುತ್ತಾರೆ.

ಜಾತ್ರೆಯ ಬಯಲುಗಳು ಇನ್ನೊಂದು ಒಳ್ಳೆಯ ಜಾಗ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಂಥ ಲಕ್ಷಗಟ್ಟಲೆ ಜನ ಸೇರುವ ಕಡೆ ಕಾಲ್ಚೈನು, ನಾಣ್ಯ ಬೀಳುವುದು ಸಹಜ. ಆದರೆ ಅಲ್ಲಿಯ ಗುಡ್ಡದಲ್ಲೇ ಅಶೋಕನ ಶಾಸನ ಇರುವುದನ್ನು ಮರೆಯಬೇಡಿ. ಅಂಥ ಕಡೆ ಬೇಡ. ಹತ್ತಿರ ಸ್ಮಾರಕವಿಲ್ಲದ ಸಣ್ಣ ಊರಿನ ಜಾತ್ರೆ, ಸಂತೆ ಮೈದಾನವಾದರೆ ಗ್ರಾಮ ಪಂಚಾಯಿತಿಯನ್ನು ಕೇಳಿ ಹೋಗಬಹುದು.

ಅಗೆಯುವುದು, ಮತ್ತು ಅಗೆಯಬಾರದ್ದು

ಒಂದು ಬೊಗಸೆ ಅಗಲದ ಗುಂಡಿ ಸಾಕು. ಎರೆ ಒಣಗಿದ್ದಾಗ ಹೆಂಟೆಯನ್ನು ಇಡಿಯಾಗಿ ಎಬ್ಬಿಸಿ, ಪಕ್ಕಕ್ಕಿಟ್ಟು ಒಡೆದು ನೋಡಿ. ಮಸಾರಿಯಲ್ಲಿ ಮಣ್ಣನ್ನು ಚೀಲದ ಮೇಲೆ ಸುರಿದುಕೊಂಡರೆ ಮುಚ್ಚುವುದು ಸಲೀಸು. ಮುಚ್ಚದೆ ಎದ್ದು ಬರುವಂತಿಲ್ಲ. ಎತ್ತಿನ ಕಾಲು ಮುರಿಯಲು ಒಂದು ಸಣ್ಣ ಗುಂಡಿ ಸಾಕು. ಡ್ರಿಪ್ ಪೈಪು ಎಲ್ಲಿದೆಯೆಂದು ಹೊಲದವರನ್ನು ಮೊದಲೇ ಕೇಳಿ, ಪ್ಲಾಸ್ಟಿಕ್ಕಿನ ಸುಳಿವು ಯಂತ್ರಕ್ಕೆ ಸಿಗುವುದಿಲ್ಲ. ಮಣ್ಣಿನಡಿ ಹಾಯಿಸಿದ ಮೋಟಾರಿನ ಕೇಬಲ್ ಮಾತ್ರ ಉದ್ದಕ್ಕೂ ಸದ್ದು ಮಾಡುತ್ತದೆ. ಒಂದೇ ಗೆರೆಯಲ್ಲಿ ಸದ್ದು ಮುಂದುವರಿದರೆ ಅಗೆಯಬೇಡಿ.

ಇದನ್ನು ಗಮನವಿಟ್ಟು ಓದಿ. ಅದಿರು ಗಣಿ, ಗ್ರಾನೈಟ್ ಕ್ವಾರಿ, ಬಾವಿ ತೋಡಿದ ಜಾಗಗಳ ಸುತ್ತ ಸಿಡಿಯದೆ ಉಳಿದ ಡಿಟೋನೇಟರ್ ಸಿಗಬಹುದು. ಬೆರಳುದ್ದದ ಬೆಳ್ಳಗಿನ ಅಲ್ಯೂಮಿನಿಯಂ ಕೊಳವೆ, ಸಾಮಾನ್ಯವಾಗಿ ಒಂದು ತುದಿಯಿಂದ ಎರಡು ಬಣ್ಣದ ತಂತಿ ಅಥವಾ ಒಂದು ಬತ್ತಿ. ಯಂತ್ರದಲ್ಲಿ ಅದು ಒಳ್ಳೆಯ ಸದ್ದನ್ನೇ ಕೊಡುತ್ತದೆ. ಎತ್ತಬೇಡಿ, ಉಜ್ಜಬೇಡಿ, ಜೇಬಿಗೆ ಹಾಕಬೇಡಿ. ಗುರುತಿಗೆ ಕಲ್ಲಿಟ್ಟು ದೂರ ಸರಿದು 112ಕ್ಕೆ ಕರೆ ಮಾಡಿ. ಕ್ವಾರಿಯ ಸುತ್ತ ಹುಡುಕದಿರುವುದೇ ಮೇಲು.

ಸಿಕ್ಕದ್ದನ್ನು ಏನು ಮಾಡುವುದು

ಇತ್ತೀಚಿನ ಒಡವೆ ಸಿಕ್ಕರೆ ಅದು ನಿಮ್ಮದಲ್ಲ. 1872ರ ಒಪ್ಪಂದ ಕಾಯ್ದೆಯ 71ನೇ ಕಲಂ ಪ್ರಕಾರ ಸಿಕ್ಕ ವಸ್ತುವನ್ನು ಕೈಗೆತ್ತಿಕೊಂಡವನಿಗೆ ಅದನ್ನು ಜೋಪಾನ ಮಾಡುವ ಹೊಣೆ ಇದೆ. ಹೊಲದ ಯಜಮಾನರಿಗೆ ತೋರಿಸಿ, ಯಾರದೆಂದು ತಿಳಿಯದಿದ್ದರೆ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹುಡುಕಿಕೊಟ್ಟದ್ದಕ್ಕೆ ಕೂಲಿ ಕೇಳುವುದು ಬಿಡುವುದು ನಿಮ್ಮಿಷ್ಟ. ನಾನಾದರೆ ಊಟ ಹಾಕಿದರೆ ಸಾಕೆನ್ನುತ್ತೇನೆ.

ಹಳೆ ನಾಣ್ಯಗಳಲ್ಲಿ ನಮ್ಮ ಸೀಮೆಗೆ ಒಂದು ವಿಶೇಷವಿದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಹೈದರಾಬಾದಿನಲ್ಲಿದ್ದವು. ಹಾಗಾಗಿ ಸಿರುಗುಪ್ಪದ ಅಜ್ಜನ ಡಬ್ಬಿಯಲ್ಲಿ 1940ರ ದಶಕದ ತೂತಿನ ಪೈಸೆ ಇದ್ದರೆ, ಹೊಳೆಯಾಚೆಯ ಸಿಂಧನೂರಿನ ಅಜ್ಜನ ಡಬ್ಬಿಯಲ್ಲಿ ಚಾರ್ಮಿನಾರ್ ಚಿತ್ರದ, 'ಹಾಲಿ ಸಿಕ್ಕಾ' ಎಂಬ ನಿಜಾಮರ ನಾಣ್ಯ ಇರಬಹುದು. ಇಂಥದ್ದು ಸಿಕ್ಕರೆ ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ತಿಕ್ಕಬೇಡಿ. ನೀರಿನಲ್ಲಿ ನೆನೆಸಿ ಮೆತ್ತನೆ ಬ್ರಷ್ಷಿನಿಂದ ಮಣ್ಣು ಬಿಡಿಸಿದರೆ ಸಾಕು. ಸಿಕ್ಕ ಜಾಗ, ದಿನ, ಆಳ ಬರೆದಿಡಿ. ನೂರು ವರ್ಷ ದಾಟಿದ್ದು, ಒಂದೇ ಕಡೆ ಹಲವು ಸೇರಿ ಸಿಕ್ಕದ್ದು, ಗಡಿಗೆಯಲ್ಲಿದ್ದದ್ದು ಎಂದು ಕಂಡ ಕೂಡಲೇ ಅಗೆಯುವುದನ್ನು ನಿಲ್ಲಿಸಿ, ಇದ್ದ ಹಾಗೇ ಫೋಟೋ ತೆಗೆದು, ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ. ಫೋಟೋವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಪಲ ಬೇಡ, ಮರುರಾತ್ರಿಯೇ ಆ ಹೊಲಕ್ಕೆ ಗುದ್ದಲಿ ಬೀಳುತ್ತದೆ.

ಉಳಿದದ್ದು ಗುಜರಿ. ಮುರಿದ ರಂಟೆಯ ಕುಳ, ಲಾಳ, ನಟ್ಟು ಬೋಲ್ಟು ಹೊಲದವರಿಗೆ ಸೇರಿದ್ದು. ಬೇಡವೆಂದರೆ ಕೂಡಿಟ್ಟು ತೂಕಕ್ಕೆ ಹಾಕಿ. ಆ ದುಡ್ಡನ್ನು ಬೇರೆ ಡಬ್ಬಿಯಲ್ಲಿಡಿ. ಒಂದು ಹಂಗಾಮು ದಾಟಿದ ಮೇಲೂ ಆಸಕ್ತಿ ಉಳಿದಿದ್ದರೆ ಅದರಿಂದ ಮೊದಲು ಪಿನ್‌ಪಾಯಿಂಟರ್ ಕೊಳ್ಳಿ. ಆಮೇಲೆ ನಿಮ್ಮ ಯಂತ್ರಕ್ಕೆ ಸಿಗುವಂತಿದ್ದರೆ ಸಣ್ಣ ಡಬಲ್ ಡಿ ಕಾಯಿಲ್ (ಒಳಗಿನ ಎರಡು ಸುರುಳಿಗಳು ಇಂಗ್ಲಿಷಿನ ಡಿ ಅಕ್ಷರದ ಆಕಾರದಲ್ಲಿರುವಂಥದ್ದು) ಕೊಳ್ಳಿ. ಕಬ್ಬಿಣದ ಚೂರು ತುಂಬಿದ ಕಣದಲ್ಲಿ, ಮಸಾರಿ ನೆಲದಲ್ಲಿ ದೊಡ್ಡ ಕಾಯಿಲಿಗಿಂತ ಅದೇ ಹೆಚ್ಚು ಹುಡುಕಿಕೊಡುತ್ತದೆ. ಹೊಸ ಯಂತ್ರದ ಯೋಚನೆ ಅದಾದ ಮೇಲೆ.